ರಸ್ತೆ ಕಡೆಯ ಕಿಟಕಿಗಳು

ಬೆಳಗೋಡಿನ ನಮ್ಮ ಮನೆಯ ಪಡಸಾಲೆಗೆ ರಸ್ತೆಯ ಕಡೆ ಎರಡು ಕಿಟಕಿಗಳಿದ್ದವು. ಲಲಿತತ್ತೆ ಗಂಡನ ಮನೆ ಬಿಟ್ಟು ಬಂದ ದಿನ ಅಜ್ಜಿ ಆ ಎರಡನ್ನೂ ಮುಚ್ಚಿಸಿದಳು. ನಾನಾಗ ನಾಲ್ಕನೇ ಕ್ಲಾಸು. ಮನೆಯ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಸಕಲೇಶಪುರಕ್ಕೆ ಹೋಗುವವರು, ಆಲೂರಿನ ಕಡೆ ಹೋಗುವವರು, ಎಲ್ಲಿಗೂ ಹೋಗದೆ ಸುಮ್ಮನೆ ಬಸ್ಸಿನಿಂದ ಯಾರು ಇಳಿದರು ಎಂದು ನೋಡಲು ಬಂದವರು, ಎಲ್ಲರೂ ನಮ್ಮ ಜಗಲಿಯ ಅಂಚಿನಲ್ಲೇ ಕೂರುತ್ತಿದ್ದರು. ಕಿಟಕಿ ತೆರೆದಿದ್ದರೆ ಅವರ ಕಣ್ಣು ತಾನಾಗಿ ಒಳಗೆ ಹೊರಳುತ್ತಿತ್ತು. ಅವರನ್ನು ದೂರುವ ಹಾಗಿರಲಿಲ್ಲ, ನಾವೂ ಒಳಗಿನಿಂದ ಅವರನ್ನು ನೋಡುತ್ತಲೇ ಇದ್ದೆವು. ಯಾರ ಮನೆಗೆ ನೆಂಟರು ಬಂದರು, ಯಾರ ಚೀಲದಲ್ಲಿ ಹಲಸಿನಹಣ್ಣಿತ್ತು ಎಂಬುದೆಲ್ಲ ಪಡಸಾಲೆಯಲ್ಲಿ ಕೂತಲ್ಲೇ ನಮಗೆ ಗೊತ್ತಾಗುತ್ತಿತ್ತು. ಆ ದಿನ ಬಸ್ಸಿನಿಂದ ಇಳಿದವಳು ಲಲಿತತ್ತೆ. ಕಂಡಕ್ಟರು ಬಸ್ಸಿನ ಮೇಲೆ ಹತ್ತಿ ಅವಳ ಕಬ್ಬಿಣದ ಟ್ರಂಕನ್ನು ಇಳಿಸಿಕೊಟ್ಟ. ಹಬ್ಬಕ್ಕೆ ಬರುವ ಮಗಳ ಕೈಯಲ್ಲಿ ಚೀಲ ಇರುತ್ತಿತ್ತೇ ಹೊರತು ಟ್ರಂಕು ಇರುತ್ತಿರಲಿಲ್ಲ. ಜಗಲಿಯ ಮೇಲಿದ್ದವರು ಮಾತು ನಿಲ್ಲಿಸಿದರು. ಅಜ್ಜಿ ಮಗಳನ್ನು ಒಳಗೆ ಕರೆದುಕೊಂಡು, ಏನು ಎತ್ತ ಎಂದು ಕೇಳುವ ಮೊದಲೇ ನನ್ನ ಕೈಲಿ ಕಿಟಕಿ ಹಾಕಿಸಿದಳು.

ಲಲಿತತ್ತೆ ಅಪ್ಪನ ತಂಗಿ. ಆಲೂರಿನ ಆಚೆಯ ಹಳ್ಳಿಯೊಂದರಲ್ಲಿ, ಗದ್ದೆ ತೋಟದ ಜೊತೆಗೆ ದಿನಸಿ ಅಂಗಡಿಯೂ ಇದ್ದ ಮನೆಗೆ ಅವಳನ್ನು ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಆಸ್ಪತ್ರೆ, ಹರಕೆ ಎಲ್ಲ ಮುಗಿದ ಮೇಲೆ ಆ ಮನೆಯವರು ಇನ್ನೊಂದು ಹೆಣ್ಣು ಗೊತ್ತುಮಾಡಿದರು. ಅತ್ತೆಗೆ ವಿಷಯ ಹೇಳಿದ್ದು ಎಲ್ಲ ನಿಶ್ಚಯವಾದ ಮೇಲೆ. ನಿನ್ನನ್ನು ಹೋಗು ಎಂದವರು ಯಾರು, ನೀನೂ ಇರು, ಅವಳೂ ಇರಲಿ ಎಂದರಂತೆ. ಅತ್ತೆ ಜಗಳವಾಡಲಿಲ್ಲ. ಆ ಮದುವೆಯ ಚಪ್ಪರದ ಊಟಕ್ಕೆ ತರಕಾರಿ ಹೆಚ್ಚಲು ಬಾ ಎಂದು ಕರೆದಾಗ ಮಾತ್ರ ಎದ್ದು, ಟ್ರಂಕು ತುಂಬಿಕೊಂಡು ಬಸ್ಸು ಹತ್ತಿದಳು. ಇದಷ್ಟೂ ನನಗೆ ಒಮ್ಮೆಗೇ ತಿಳಿದದ್ದಲ್ಲ. ಅವ್ವ ರೊಟ್ಟಿ ತಟ್ಟುವಾಗ, ಅಜ್ಜಿ ಬೀದಿಯ ಹೆಂಗಸರೊಂದಿಗೆ ತಗ್ಗಿದ ದನಿಯಲ್ಲಿ ಮಾತಾಡುವಾಗ ಕಿವಿಗೆ ಬಿದ್ದ ಚೂರುಗಳನ್ನು ನಾನೇ ಜೋಡಿಸಿಕೊಂಡದ್ದು.

ಕಿಟಕಿ ಮುಚ್ಚಿದ ಪಡಸಾಲೆಯಲ್ಲಿ ಹಗಲಿಗೂ ಟ್ಯೂಬ್‌ಲೈಟು ಬೇಕಾಯಿತು. ಕರೆಂಟು ಹೋದರೆ ಎಲ್ಲರೂ ಅಡುಗೆಮನೆಗೆ ಬಂದು ಕೂರುತ್ತಿದ್ದೆವು. ಅಡುಗೆಮನೆಗೆ ಹಿತ್ತಲಿನ ಬಾಗಿಲಿತ್ತು, ಅಲ್ಲಿಂದ ಕಾಫಿ ಗಿಡಗಳೂ ಅವುಗಳ ಕೆಳಗಿನ ಗದ್ದೆಯ ಬಯಲೂ ಕಾಣುತ್ತಿದ್ದವು. ಅತ್ತೆಯ ಲೋಕ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಪಡಸಾಲೆಗೆ ಬರುತ್ತಿದ್ದದ್ದು ಕಸ ಗುಡಿಸಲು ಮಾತ್ರ, ಅದೂ ಮೊದಲ ಬಸ್ಸು ಬರುವ ಮೊದಲು. ಯಾರಾದರೂ ಹೊರಗಿನಿಂದ ಕೂಗಿದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ, ಬೇಡ ಇರು ಎಂದೂ ಹೇಳುತ್ತಿರಲಿಲ್ಲ.

ಒಂದೇ ಅಡುಗೆಮನೆಯಲ್ಲಿ ಅವ್ವ, ಅತ್ತೆ ಇಬ್ಬರೂ ಇರುವುದು ಸುಲಭವಾಗಿರಲಿಲ್ಲ. ಅವ್ವ ಅರಸೀಕೆರೆ ಕಡೆಯವಳು. ಅವಳ ಕೈಗೆ ರಾಗಿಮುದ್ದೆ ಬರುತ್ತಿದ್ದಷ್ಟು ಚೆನ್ನಾಗಿ ಅಕ್ಕಿ ಬರುತ್ತಿರಲಿಲ್ಲ. ಅತ್ತೆ ತಟ್ಟಿದ ಅಕ್ಕಿರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು, ಕಡುಬು ಬೆರಳಿಗೆ ಅಂಟುತ್ತಿರಲಿಲ್ಲ. ಅತ್ತೆ ಬಂದ ಮೇಲೆ ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿನ್ನತೊಡಗಿದ. ಏನೂ ಯೋಚಿಸದೆ ಒಂದು ದಿನ, ಈಗ ರೊಟ್ಟಿ ರೊಟ್ಟಿ ಥರ ಐತೆ ಎಂದುಬಿಟ್ಟ. ಅವ್ವ ಆ ವಾರವಿಡೀ ರೊಟ್ಟಿಯ ಹಂಚನ್ನು ಮುಟ್ಟಲಿಲ್ಲ. ಹುರುಳಿ ಸಾರಿಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದ ದಿನಗಳಿದ್ದವು. ಒಬ್ಬಳು ತೊಳೆದಿಟ್ಟ ಪಾತ್ರೆಯನ್ನು ಇನ್ನೊಬ್ಬಳು ಮತ್ತೆ ತೊಳೆದು ಇಡುವಳು. ಕೂಗಾಟವಿಲ್ಲ. ನನ್ನ ಮೂಲಕ ಮಾತು ನಡೆಯುತ್ತಿತ್ತು: ನಿಮ್ಮತ್ತೆಗೆ ಹೇಳು, ನಿಮ್ಮವ್ವಂಗೆ ಹೇಳು. ಇಬ್ಬರೂ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದರು.

ಕಿಟಕಿಯ ವಿಷಯ ಎತ್ತಿದವಳು ಅವ್ವ. ಅತ್ತೆಯ ಮೇಲಿನ ಕನಿಕರಕ್ಕಲ್ಲ, ಗೋಡೆಗೆ ಹಿಡಿದ ಬೂಷ್ಟಿನ ಸಿಟ್ಟಿಗೆ. ಗಾಳಿಯಾಡದೆ ಪಡಸಾಲೆಯ ಮೂಲೆಯಲ್ಲಿ ಹಸಿರು ಕಲೆ ಎದ್ದಿತ್ತು. ಮಡಿಸಿಟ್ಟ ಜಮಖಾನ ಹುಳಿ ವಾಸನೆ ಹೊಡೆಯುತ್ತಿತ್ತು. ಅಜ್ಜಿ ಪೂಜೆಗೆ ಕೂರುತ್ತಿದ್ದದ್ದೂ ಅದೇ ಪಡಸಾಲೆಯ ಗೂಡಿನ ಮುಂದೆ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತವಳು ನಡುನಡುವೆ ಸೀನುತ್ತಿದ್ದಳು. ಕಿಟಕಿ ತೆಗೆಯೋಣ, ಮರೆಗೆ ಒಂದು ಕರ್ಟನ್ನು ಹಾಕೋಣ ಎಂದು ಅವ್ವ ಹೇಳಿದಳು. ಕರ್ಟನ್ನು ಎಂಬ ವಸ್ತುವನ್ನು ಅವಳು ನೋಡಿದ್ದು ಹೊಂಗಡಹಳ್ಳದ ದಾರಿಯಲ್ಲಿದ್ದ ಒಂದು ಎಸ್ಟೇಟ್ ಬಂಗಲೆಯಲ್ಲಿ. ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ದೊಡ್ಡ ಬಂಗಲೆಯನ್ನೂ ತೋರಿಸಿದ್ದರಂತೆ. ಅಜ್ಜಿಗೆ ಅದು ಹಿಡಿಸಲಿಲ್ಲ. ಮರೆಮಾಡಿದರೆ ಮರೆಮಾಡಿದ್ದಾರೆ ಎಂದು ಇನ್ನೂ ನಾಲ್ಕು ಜನ ನೋಡುತ್ತಾರೆ ಎಂದಳು. ಅಪ್ಪ ಇಬ್ಬರಿಗೂ ಹೂಂ ಎಂದ. ಸಕಲೇಶಪುರಕ್ಕೆ ಹೋದಾಗ ಬಟ್ಟೆ ತರುತ್ತೇನೆ ಎಂದು ಹೇಳಿ ಪ್ರತಿಸಲವೂ ಮರೆತು ಬಂದ. ಮರೆತದ್ದೋ, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ಮರೆತ ಹಾಗೆ ಮಾಡಿದ್ದೋ ಹೇಳಲಾರೆ. ಅಪ್ಪನ ಅನೇಕ ಮರೆವುಗಳು ಹಾಗಿದ್ದವು.

ಒಂದು ಮಧ್ಯಾಹ್ನ ಅಜ್ಜಿ ಆಚೆ ಬೀದಿಗೆ ಸಾವಿನ ಮನೆಗೆ ಹೋಗಿದ್ದಳು. ಅತ್ತೆ ಒಳಕೋಣೆಯಿಂದ ಒಂದು ಹಸಿರು ಸೀರೆ ಹಿಡಿದುಕೊಂಡು ಬಂದಳು. ತಿಳಿ ಹಸಿರು, ತೆಳ್ಳನೆಯ ಬಟ್ಟೆ, ಸೆರಗಿನಲ್ಲಿ ಹಳದಿ ಹೂವು. ಗಂಡನ ಮನೆಯವರು ಮೊದಲ ವರ್ಷದ ಗೌರಿಹಬ್ಬಕ್ಕೆ ಕೊಟ್ಟದ್ದು. ಬಂದಾಗಿನಿಂದ ಆ ಟ್ರಂಕಿನ ಸೀರೆಗಳನ್ನು ಅವಳು ಉಟ್ಟಿರಲಿಲ್ಲ. ಅವ್ವನ ಎರಡು ಹಳೆಯ ಸೀರೆಗಳಲ್ಲೇ ದಿನ ಕಳೆಯುತ್ತಿದ್ದಳು. ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಅತ್ತೆ ಈ ಸಲ ನನ್ನ ಮೂಲಕ ಹೇಳಲಿಲ್ಲ.

“ಅತ್ಗೆ, ಇದನ್ನ ಕತ್ತರಿಸೋದು ಬ್ಯಾಡ. ಹಂಗೇ ಹಾಕ್ಬೋದು. ಒಂದು ಗಳ ಐತಾ?”

ಅವ್ವ ಅವಳ ಮುಖ ನೋಡಿದಳು, ಸೀರೆ ನೋಡಿದಳು, ಮೊರ ಪಕ್ಕಕ್ಕಿಟ್ಟು ಎದ್ದಳು. ಹಿತ್ತಲಲ್ಲಿ ಅವರೆ ಬಳ್ಳಿಗೆಂದು ತಂದಿಟ್ಟಿದ್ದ ಬಿದಿರಿನ ಗಳಗಳಿದ್ದವು. ಒಂದನ್ನು ಆರಿಸಿ, ಗಿಣ್ಣುಗಳನ್ನು ಕುಡುಗೋಲಿನಿಂದ ಹೆರೆದು, ಬಟ್ಟೆಗೆ ಸಿಕ್ಕಿಕೊಳ್ಳದಿರಲೆಂದು ಕೊಬ್ಬರಿ ಎಣ್ಣೆ ಸವರಿ ಒರೆಸಿದಳು. ಒಂದು ಕಿಟಕಿಯ ಚೌಕಟ್ಟಿನ ಮೇಲೆ ಎರಡು ದೊಡ್ಡ ಮೊಳೆಗಳನ್ನು ಮೇಲ್ಮುಖವಾಗಿ ಬಗ್ಗಿಸಿ ಹೊಡೆದರು. ಗಳ ಅವುಗಳ ಮೇಲೆ ಕೂತಿತು. ಅತ್ತೆ ಸೀರೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿರಿಗೆ ಹಿಡಿಯುತ್ತಾ ಬಂದಳು. ಉಡುವಾಗ ಹಿಡಿಯುವ ನಿರಿಗೆಯೇ, ಆದರೆ ಅಡ್ಡಕ್ಕೆ. ನಾನು ಒಂದು ಕೊನೆ, ಅವ್ವ ಒಂದು ಕೊನೆ ಹಿಡಿದೆವು. ಹಗ್ಗದಂತೆ ಸಣ್ಣಗಾದ ಸೀರೆಯನ್ನು ಅತ್ತೆ ಸ್ಟೂಲಿನ ಮೇಲೆ ನಿಂತು ಗಳದ ಎಡಗಡೆಗೆ ಒಂದು ಸುತ್ತು ಹಾಕಿದಳು, ನಡುವೆ ಜೋಲಿಯಂತೆ ಇಳಿಬಿಟ್ಟಳು, ಬಲಗಡೆಗೆ ಇನ್ನೊಂದು ಸುತ್ತು ಹಾಕಿ ಸೆರಗನ್ನು ಕೆಳಗೆ ಬಿಟ್ಟಳು. ಆಮೇಲೆ ಜೋಲಿಯ ನಿರಿಗೆಗಳನ್ನು ಒಂದೊಂದಾಗಿ ಎಳೆದು ಬಿಡಿಸಿದಳು. ಒಂದೇ ಸಲಕ್ಕೆ ಸರಿ ಬರಲಿಲ್ಲ. ಜೋಲಿ ಒಂದು ಪಕ್ಕಕ್ಕೆ ವಾಲಿತು. ಅವ್ವ ಬಾಗಿಲವರೆಗೆ ಹಿಂದೆ ಸರಿದು ನಿಂತು, ಎಡಕ್ಕೆ ಸ್ವಲ್ಪ, ಸಾಕು, ಇನ್ನೊಂದು ಚೂರು ಎನ್ನುತ್ತಾ ಹೋದಳು. ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗಳದ ಎರಡೂ ಕಡೆ ಸೀರೆ ಜಾರದಂತೆ ಒಳಗಿನಿಂದ ದಾರ ಕಟ್ಟಿದ ಮೇಲೆ ಅತ್ತೆ ಕಿಟಕಿಯ ಚಿಲಕ ತೆಗೆದಳು. ಕೆಳಗಿನ ಅರ್ಧ ಮುಚ್ಚಿಯೇ ಇತ್ತು, ಮೇಲಿನ ಬಾಗಿಲು ಮಾತ್ರ ತೆರೆದದ್ದು. ಹಸಿರು ಬಟ್ಟೆಯೊಳಗಿಂದ ಬಂದ ಬೆಳಕು ಕೆಂಪು ಗಾರೆ ನೆಲದ ಮೇಲೆ ಬಿತ್ತು. ಅತ್ತೆ ಸ್ಟೂಲಿನಿಂದ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ಅಜ್ಜಿ ಸಾವಿನ ಮನೆಯಿಂದ ಬಂದು, ಹಿತ್ತಲಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದಾಗ ಅದನ್ನು ಕಂಡಳು. ಉಡೋ ಬಟ್ಟೆನ ಗೋಡೆಗೆ ನೇತುಹಾಕ್ತಾರಾ ಎಂದು ಕೇಳಿದಳು. ಆ ಮನೆಯವರು ಇಟ್ಟ ಸೀರೆ, ನಾಳೆ ಅವರು ಕೇಳಿದರೆ ಏನು ಹೇಳುತ್ತೀಯ ಎಂದಳು. ಕತ್ತರಿಸಿಲ್ಲವಲ್ಲ, ಬೇಕೆಂದಾಗ ತೆಗೆಯಬಹುದು ಎಂದು ಅವ್ವ ಸಮಾಧಾನ ಹೇಳಿದಳು. ಅಜ್ಜಿ ಆ ರಾತ್ರಿ ಊಟಕ್ಕೆ ಎಲ್ಲರಿಗಿಂತ ಮೊದಲೇ ಕೂತು, ಯಾರೊಂದಿಗೂ ಮಾತಾಡದೆ ಎದ್ದು ಮಲಗಿದಳು. ಆದರೆ ಬೆಳಿಗ್ಗೆ ಪೂಜೆಗೆ ಕೂತವಳು ಸೀನಲಿಲ್ಲ. ಸೀರೆ ಇಳಿಸು ಎಂಬ ಮಾತು ಕೆಲವು ದಿನ ಬೆಳಿಗ್ಗೆ ಸಂಜೆ ಬಂತು, ಆಮೇಲೆ ಬೆಳಿಗ್ಗೆ ಮಾತ್ರ, ಆಮೇಲೆ ನಿಂತಿತು. ಅತ್ತೆ ಮಧ್ಯಾಹ್ನದ ಹೊತ್ತು ಆ ಕಿಟಕಿಯ ಕೆಳಗೆ ಕೂತು ಹೂ ಕಟ್ಟತೊಡಗಿದಳು. ಬಸ್ಸಿನ ಸದ್ದಾದರೆ ಮೊದಲಿನಂತೆ ಎದ್ದು ಹೋಗುತ್ತಿರಲಿಲ್ಲ, ತಲೆ ಮಾತ್ರ ತಗ್ಗಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ. ಅವಳಿಗೆ ಮಗ್ಗಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಗಂಡನ ಅಂಗಡಿಯ ಲೆಕ್ಕವನ್ನೆಲ್ಲ ತಾನೇ ನೋಡುತ್ತಿದ್ದೆ ಎಂದು ಅವಳು ಹೇಳಿದ್ದು ಆಗಲೇ. ಆ ಮನೆಯ ಬಗ್ಗೆ ಅವಳು ನನ್ನೊಂದಿಗೆ ಆಡಿದ ಮಾತು ಅದೊಂದೇ.

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಆ ಕಡೆಯಿಂದ ಸುದ್ದಿ ಬಂತು. ನಮ್ಮೂರಿನ ಅಂಗಡಿಯೊಂದರ ಫೋನಿಗೆ ಯಾರೋ ಮಾಡಿ, ಸೋಮವಾರ ಬೀಗಿತ್ತಿಯೂ ಅವಳ ಹಿರಿಮಗನೂ ಮಾತಾಡಲು ಬರುತ್ತಾರೆ ಎಂದು ಹೇಳಿದ್ದರು. ಬೀಗಿತ್ತಿ ಎಂದರೆ ಲಲಿತತ್ತೆಯ ಗಂಡನ ತಾಯಿ, ಹಿರಿಮಗ ಗಂಡನ ಅಣ್ಣ. ಅಜ್ಜಿಯ ಮುಖ ಅರಳಿತು. ಅವರಾಗಿಯೇ ಬರುತ್ತಿದ್ದಾರೆ ಎಂದರೆ ಮಗಳನ್ನು ಮರ್ಯಾದೆಯಿಂದ ಕರೆದುಕೊಂಡು ಹೋಗಲಿಕ್ಕೇ ಎಂದುಕೊಂಡಳು. ಅಕ್ಕಿ ನೆನೆಹಾಕಿಸಿದಳು, ಚಕ್ಕುಲಿಗೆ ಹಿಟ್ಟು ಬೀಸಿಸಿದಳು. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು:

“ಬಂದ್ರೆ ಜಾಸ್ತಿ ಮಾತಾಡಕ್ಕೆ ಹೋಗ್ಬ್ಯಾಡ. ಕಳುಸ್ಬುಡಣ. ಹೆಣ್ಣು ಎಲ್ಲಿರ್ಬೇಕೋ ಅಲ್ಲಿದ್ರೆ ಚೆಂದ. ಆ ಸೀರೆ ಒಂದು ಇಳ್ಸಿ ಮಡಿಸಿಡ್ರಿ.”

ಅಪ್ಪ ಅನ್ನ ಕಲೆಸುತ್ತಾ ಹೂಂ ಎಂದ. ಅತ್ತೆ ಬಡಿಸುತ್ತಿದ್ದಳು. ಅಪ್ಪನ ತಟ್ಟೆಗೆ ಸಾರು ಬಡಿಸಿ, ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಹೋಗಲಾರೆ ಎಂದು ಅವಳು ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹಿರಿಯರ ಮಾತಿಗೆ ಎದುರು ಮಾತು ಬರುತ್ತಿರಲಿಲ್ಲ, ಆ ಮಾತಿನಲ್ಲಿ ಒಬ್ಬರ ಬಾಳೇ ಇದ್ದರೂ.

ಮಾರನೆಯ ದಿನ ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದಾಗ ಪಡಸಾಲೆಯಿಂದ ಕತ್ತರಿಯ ಸದ್ದು ಬಂತು. ಅವ್ವನ ತವರಿನವರು ಕೊಟ್ಟಿದ್ದ ಹೊಲಿಗೆ ಮಿಷನ್ನು ಅಲ್ಲೇ ಮೂಲೆಯಲ್ಲಿತ್ತು. ನನ್ನ ಲಂಗ, ದಿಂಬಿನ ಚೀಲ ಬಿಟ್ಟು ಅದರಲ್ಲಿ ಬೇರೇನೂ ಹೊಲಿದದ್ದಿಲ್ಲ. ನಾನು ಹೋಗಿ ನೋಡಿದಾಗ ಅತ್ತೆ ನೆಲದ ಮೇಲೆ ತನ್ನ ಧಾರೆ ಸೀರೆಯನ್ನು ಹಾಸಿಕೊಂಡಿದ್ದಳು. ಕುಂಕುಮದ ಬಣ್ಣ, ಒಂದು ಗೇಣು ಜರಿ ಅಂಚು. ಮದುವೆಯ ಫೋಟೋದಲ್ಲಿ ಅವಳು ಉಟ್ಟಿದ್ದು ಅದೇ ಎಂದು ನನಗೆ ಗೊತ್ತಿತ್ತು. ಕಿಟಕಿಯ ಅಗಲಕ್ಕೆ ದಾರ ಹಿಡಿದು ಅಳತೆ ತೆಗೆದು, ಅದಕ್ಕೆ ಅರ್ಧದಷ್ಟು ಹೆಚ್ಚು ಸೇರಿಸಿ, ಆಗಲೇ ಒಂದು ತುಂಡು ಕತ್ತರಿಸಿಯಾಗಿತ್ತು. ರೇಷ್ಮೆಗೆ ಕತ್ತರಿ ನೆಟ್ಟಗೆ ಹೋಗುವುದಿಲ್ಲ, ಜಾರುತ್ತದೆ. ಅದಕ್ಕೆ ತುಂಡಿನ ಎರಡೂ ಕಡೆ ಹಿಡಿದುಕೊ ಎಂದಳು. ನಾನು ಹಿಡಿಯಲೋ ಬೇಡವೋ ಎಂದು ನಿಂತಿರುವಾಗಲೇ ಅವ್ವ ಒಳಗಿನಿಂದ ಬಂದಳು. ಅವಳ ಕಣ್ಣು ಮೊದಲು ಬಿದ್ದದ್ದು ಕತ್ತರಿಸಿದ ಅಂಚಿನ ಮೇಲೆ.

“ಲಲಿತ, ಏನ್ ಮಾಡ್ಬುಟ್ಟೆ ಮಾರಾಯ್ತಿ.”

“ಕೆಳಗಡೆ ಮರೆ ಇರ್ಲಿಲ್ವಲ್ಲ ಅತ್ಗೆ. ಕೆಳಗಿನ ಬಾಗ್ಲೂ ತೆಗೀಬೋದು ಈಗ.”

ಹಿತ್ತಲಿನಲ್ಲಿ ಅಜ್ಜಿ ಸೌದೆ ಮುರಿಯುವ ಸದ್ದು ಕೇಳುತ್ತಿತ್ತು. ಅವ್ವ ಬಗ್ಗಿ ಸೀರೆಯ ಎರಡು ತುದಿಗಳನ್ನು ತಾನೇ ಹಿಡಿದುಕೊಂಡಳು. ಅವಳು ಬಿಗಿಯಾಗಿ ಹಿಡಿದಿದ್ದಂತೆಯೇ ಅತ್ತೆ ಉಳಿದ ತುಂಡುಗಳನ್ನು ಕತ್ತರಿಸಿದಳು. ಹೊಲಿದವಳೂ ಅವ್ವನೇ, ಅತ್ತೆಗೆ ಮಿಷನ್ನು ತುಳಿದು ಅಭ್ಯಾಸವಿರಲಿಲ್ಲ. ಮೇಲ್ತುದಿಯನ್ನು ಎರಡು ಬೆರಳಷ್ಟು ಮಡಿಸಿ ತಂತಿ ತೂರಲು ಜಾಗ ಬಿಟ್ಟು ಹೊಲಿದಳು. ಜರಿ ಅಂಚು ಕೆಳಗೆ ಬರುವಂತೆ ಇಟ್ಟದ್ದರಿಂದ ಅಲ್ಲಿ ಹೊಲಿಗೆ ಬೇಕಾಗಲಿಲ್ಲ. ಬಟ್ಟೆ ಒಣಹಾಕುವ ತಂತಿಯಲ್ಲಿ ಸ್ವಲ್ಪ ಕತ್ತರಿಸಿ, ತುಂಡುಗಳನ್ನು ಪೋಣಿಸಿ, ಕಿಟಕಿಯ ಅರ್ಧದಲ್ಲಿ ಅಡ್ಡಲಾಗಿ ಬಿಗಿದರು. ಮಿಷನ್ನಿನ ಸದ್ದಿಗೆ ಅಜ್ಜಿ ಬಂದಾಗ ಒಂದು ಕಿಟಕಿ ಮುಗಿದಿತ್ತು.

ಆಗ ಆದ ಜಗಳವನ್ನು ಪೂರ್ತಿ ಬರೆಯಲಾರೆ. ಧಾರೆ ಸೀರೆಗೆ ಕತ್ತರಿ ಹಾಕಿದವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಅಲ್ಲ ಎಂದಳು ಅಜ್ಜಿ. ಅವ್ವನಿಗೆ, ನಾದಿನಿಯ ಬಾಳು ಹಾಳು ಮಾಡಲಿಕ್ಕೆ ನೀನು ಮಿಷನ್ನು ತುಳಿದೆಯಾ ಎಂದಳು. ಅವ್ವ ಅತ್ತಳು. ಅತ್ತೆ ಅಳಲಿಲ್ಲ, ಎರಡನೆಯ ಕಿಟಕಿಗೆ ತಂತಿ ಕಟ್ಟುತ್ತಿದ್ದಳು. ಅಪ್ಪ ತೋಟದಿಂದ ಬಂದವನು ಎಲ್ಲ ನೋಡಿ, ಕಾಲು ತೊಳೆಯಲು ಹೋಗಿ, ಬಹಳ ಹೊತ್ತು ಕಾಲು ತೊಳೆದ. ಅಜ್ಜಿ ಮಧ್ಯಾಹ್ನ ಉಣ್ಣಲಿಲ್ಲ. ಹಸಿರು ಸೀರೆಯನ್ನಾದರೆ ಇಳಿಸಿ ಮಡಿಸಿಡಬಹುದಿತ್ತು, ಧಾರೆ ಸೀರೆ ಈಗ ಸೀರೆಯೇ ಆಗಿರಲಿಲ್ಲ.

ಸೋಮವಾರ ಅವರು ಜೀಪಿನಲ್ಲಿ ಬಂದರು. ಬೀಗಿತ್ತಿ ದೊಡ್ಡ ಆಳು, ಕೈತುಂಬ ಬಳೆ, ಉಸಿರು ಸ್ವಲ್ಪ ಜೋರು. ಹಿರಿಮಗ ಹೆಚ್ಚು ಮಾತಾಡುವವನಲ್ಲ. ಅಪ್ಪ ಅವರನ್ನು ಬೆಂಚಿನ ಮೇಲೆ ಕೂರಿಸಿದ. ಬೆಂಚು ಕಿಟಕಿಗಳ ಕಡೆಗೆ ಬೆನ್ನು ಮಾಡಿತ್ತು. ಅಜ್ಜಿಯೇ ಬೆಳಿಗ್ಗೆ ಎದ್ದು ಅದನ್ನು ಹಾಗೆ ತಿರುಗಿಸಿ ಹಾಕಿದ್ದಳು. ಅವಳು ತನ್ನ ಚಾಪೆಯ ಮೇಲೆ ಕೂತು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅವ್ವ, ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದರು. ಕಾಫಿ, ಚಕ್ಕುಲಿ ಆಯಿತು. ಕುಯ್ಲಿಗೆ ಆಳು ಸಿಗದ ಮಾತು, ಮೆಣಸಿಗೆ ರೋಗ ಬಂದ ಮಾತು ಆಯಿತು. ಆಮೇಲೆ ಬೀಗಿತ್ತಿ ವಿಷಯಕ್ಕೆ ಬಂದಳು. ಹೊಸ ಸೊಸೆಗೆ ತುಂಬು ತಿಂಗಳು. ಅವಳ ತಾಯಿ ಇಲ್ಲ, ತವರಿನಲ್ಲಿ ಬಾಣಂತನ ಮಾಡುವವರಿಲ್ಲ. ತನಗೋ ಮಂಡಿನೋವು. ಎರಡು ಹಸು ಕರೆಯುವುದಿದೆ, ಬಾಣಂತಿಗೆ ನೀರು ಕಾಯಿಸುವುದಿದೆ, ಅಂಗಡಿಯ ಲೆಕ್ಕವೂ ಹಾಳಾಗಿ ಕೂತಿದೆ. ಲಲಿತ ಕೈಯಲ್ಲಿ ಕೆಲಸ ಗೊತ್ತಿರುವವಳು. ಇಷ್ಟು ದಿನದ ಮುನಿಸು ಸಾಕು, ಮನೆ ಅವಳದೂ ಅಲ್ಲವೇ ಎಂದಳು. ಒಂದಿಷ್ಟೂ ಅಳುಕಿಲ್ಲದೆ, ಸಹಾಯ ಮಾಡಲು ಬಂದವಳ ಹಾಗೆಯೇ ಹೇಳಿದಳು.

ಅಪ್ಪ ನೆಲ ನೋಡುತ್ತಿದ್ದ. ಅಜ್ಜಿ ತಲೆಯಾಡಿಸುತ್ತಾ ಕೇಳುತ್ತಿದ್ದಳು. ಅಜ್ಜಿ ಈಗ ಆಗಲಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಬೇರೊಂದು ಕೇಳಿದಳು.

“ಇವಳು ಎಲ್ಲಿ ಮಲಗ್ತಾಳೆ?”

ಬೀಗಿತ್ತಿಗೆ ಆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಅದಕ್ಕೇನು. ಅಡುಗೆಮನೆ ಪಕ್ಕ ಸೌದೆ ಕೋಣೆ ಐತಲ್ಲ, ಸೌದೆ ಒಂದು ಕಡೀಕೆ ಒಟ್ಟುಸಿ ಜಾಗ ಮಾಡಿಕೊಡ್ತೀವಿ. ಬೆಚ್ಚಗಿರ್ತದೆ.”

ಅಜ್ಜಿಯ ತಲೆಯಾಡುವುದು ನಿಂತಿತು. ಮಾತು ಅಲ್ಲಿಗೆ ನಿಂತದ್ದರಿಂದಲೋ ಏನೋ ಬೀಗಿತ್ತಿ ಮಂಡಿ ಸಡಿಲ ಮಾಡಿಕೊಳ್ಳಲು ಎದ್ದಳು, ತಿರುಗಿದಳು. ಎರಡು ಕಿಟಕಿಗಳೂ ಪೂರ್ತಿ ತೆರೆದಿದ್ದವು. ಹೊರಗೆ ಬಿಸಿಲಿತ್ತು. ಕೆಂಪು ಬಟ್ಟೆಯ ಅಡಿಯಲ್ಲಿ ಜರಿ ಹೊಳೆಯುತ್ತಿತ್ತು. ಅವಳು ಹತ್ತಿರ ಹೋಗಿ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಳಿಸಿ ನೋಡಿದಳು. ಆ ಸೀರೆಯನ್ನು ಅಂಗಡಿಯಲ್ಲಿ ಆರಿಸಿದ್ದವಳು ಅವಳೇ.

“ಇದು ನಾವಿಟ್ಟ ಧಾರೆ ಸೀರೆ ಅಲ್ವಾ? ಯಾರು ಮಾಡಿದ್ದು ಈ ಕೆಲ್ಸ?”

ಅಪ್ಪ ಎದ್ದು ನಿಂತ. ಅವನ ಬಾಯಿಂದ ತಪ್ಪಾಯಿತು ಎಂಬ ಮಾತು ಹೊರಡುವುದರಲ್ಲಿತ್ತು. ಬಾಗಿಲ ಹಿಂದಿನಿಂದ ಅತ್ತೆಯ ಬಳೆಯ ಸದ್ದಾಯಿತು, ಅವಳೂ ಮುಂದೆ ಬರುತ್ತಿದ್ದಳು. ಇಬ್ಬರಿಗಿಂತ ಮೊದಲು ಅಜ್ಜಿ ಕೂತಲ್ಲಿಂದಲೇ ಹೇಳಿದಳು.

“ನಾನೇ ಕಣಮ್ಮ ಕತ್ತರ್ಸಿ ಅಂದಿದ್ದು. ರಸ್ತೆ ಕಡೆ ಮರೆ ಇರ್ಲಿಲ್ಲ. ನನ್ ಮಗಳು ಇನ್ಮೇಲೆ ಇಲ್ಲೇ ಇರೋಳಲ್ವಾ, ಕೂರಕ್ಕೆ ಒಂದು ಜಾಗ ಬೇಕು.”

ದನಿ ಏರಿರಲಿಲ್ಲ. ಬೇಳೆ ಬೆಂದಿದೆಯೇ ಎಂದು ಕೇಳಿದರೆ ಉತ್ತರ ಹೇಳುವ ದನಿ. ಬೀಗಿತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ಅಜ್ಜಿಯ ಕಡೆ ನೋಡಿ, ನಿಂತವನು ಮತ್ತೆ ಕೂತ. ಹೌದು, ನಮ್ಮವ್ವ ಹೇಳಿದ ಹಾಗೆ ಎಂದ. ಅಪ್ಪ ಅಷ್ಟಾದರೂ ಹೇಳಿದ್ದು ನನಗೆ ಈಗಲೂ ಸಮಾಧಾನ. ಹಾಗಾದರೆ ಇನ್ನು ನಮ್ಮ ಹೊಸ್ತಿಲು ತುಳಿಯುವುದು ಬೇಡ ಎಂದು ಬೀಗಿತ್ತಿ ಹೇಳಿದಳು. ಆಗಲಿ ಎಂದಳು ಅಜ್ಜಿ. ಹಿರಿಮಗ ತಾಯಿಯ ಕೈಹಿಡಿದು ಜಗಲಿ ಇಳಿಸಿದ. ಜೀಪು ಸ್ಟಾರ್ಟಾಗಲು ತಡವಾಯಿತು, ಬಸ್ಸಿಗೆ ಕಾಯುತ್ತಿದ್ದವರೇ ಇಬ್ಬರು ಅದನ್ನು ತಳ್ಳಿಕೊಟ್ಟರು.

ಜೀಪಿನ ಸದ್ದು ಅಡಗಿದ ಮೇಲೆ ಅತ್ತೆ ಪಡಸಾಲೆಗೆ ಬಂದು ಲೋಟಗಳನ್ನು ಎತ್ತಿದಳು. ಅಜ್ಜಿಯ ಮುಂದೆ ಬಂದಾಗ ಅವಳ ಕಾಲಬಳಿ ಕೂತು, ತಲೆಯನ್ನು ಅವಳ ಮಂಡಿಗೆ ಆನಿಸಿದಳು. ಅಜ್ಜಿ ಅವಳ ಬೆನ್ನು ಸವರಲಿಲ್ಲ. ಬಲಗಡೆ ಕಿಟಕಿದು ಒಂದು ಬೆರಳು ಮೇಲಾಗಿದೆ, ತಂತಿ ಬಿಚ್ಚಿ ಇಳಿಸಿ ಕಟ್ಟು ಎಂದಳು. ಅಡುಗೆಮನೆಯಿಂದ ಅವ್ವ ನಕ್ಕದ್ದು ಕೇಳಿಸಿತು, ಆಮೇಲೆ ಅತ್ತೆಯೂ ನಕ್ಕಳು. ನನಗೆ ನಗು ಬರಲಿಲ್ಲ. ಸುಳ್ಳು ಹೇಳಿದರೆ ನಾಲಿಗೆ ಸುಡುತ್ತೇನೆ ಎನ್ನುತ್ತಿದ್ದವಳು ಅಜ್ಜಿ. ಹಣೆಯ ತುಂಬ ವಿಭೂತಿ ಧರಿಸಿಕೊಂಡು, ಎರಡು ದಿನ ಮನೆಯವರ ಮೇಲೆಲ್ಲ ಹರಿಹಾಯ್ದವಳು, ನೆಂಟರ ಮುಂದೆ ಒಂದಿಷ್ಟೂ ತಡವರಿಸದೆ ಆ ಸುಳ್ಳು ಹೇಳಿದ್ದಳು. ನನ್ನ ತಿಳಿವಳಿಕೆಯ ಮಟ್ಟಿಗೆ ನಮ್ಮ ಮನೆಯಲ್ಲಿ ಆಡಿದ ಅತ್ಯಂತ ಒಳ್ಳೆಯ ಮಾತೂ ಅದೇ ಆಗಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಅತ್ತೆ ಮಿಷನ್ನು ತುಳಿಯುವುದನ್ನು ಅವ್ವನಿಂದ ಕಲಿತಳು. ಅವ್ವ ಅತ್ತೆಯಿಂದ ರೊಟ್ಟಿ ಕಲಿತಳೆಂದು ಬರೆಯಲು ಆಸೆಯಿದೆ, ಅದು ಆಗಲಿಲ್ಲ. ಉಪ್ಪಿನ ಜಗಳ ಕೊನೆಯವರೆಗೂ ಇತ್ತು. ಬಸ್ಸಿಗೆ ಕಾಯುವ ಹೆಂಗಸರು ಕಿಟಕಿ ನೋಡಿ ನಮಗೂ ಹಾಗೆ ಹಾಕಿಕೊಡಿ ಎಂದು ಕೇಳತೊಡಗಿದರು. ಅವರೆದುರು ಅತ್ತೆ ಒಳಕೋಣೆಗೆ ಹೋಗುವುದು ಹೇಗೆ, ಅಳತೆ ಹೇಳಬೇಕಲ್ಲ. ಎಸ್ಟೇಟುಗಳಲ್ಲಿ, ಆನೇಮಹಲ್ ಕಡೆಯ ಹೆದ್ದಾರಿಯಲ್ಲಿ ಹೋಂಸ್ಟೇಗಳು ಏಳತೊಡಗಿದ ಮೇಲೆ ಅವಳಿಗೆ ಕೈತುಂಬ ಕೆಲಸವಾಯಿತು. ಕುತ್ತಿಗೆಗೆ ಟೇಪು ಹಾಕಿಕೊಂಡು, ಚೀಲದಲ್ಲಿ ಬಟ್ಟೆ ತುಂಬಿಕೊಂಡು ಮನೆಯೆದುರಿನ ಬಸ್ಸನ್ನೇ ಹತ್ತಿ ಹೋಗುತ್ತಿದ್ದಳು. ಯಾವ ಕಿಟಕಿಗೆ ಎಷ್ಟು ಜೋಲಿ ಬಿಡಬೇಕೆಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು.

ಅಜ್ಜಿಯನ್ನು ನಾನು ಒಂದೇ ಸಲ ಕೇಳಿದ್ದು. ಹೈಸ್ಕೂಲಿಗೆ ಹೋಗುತ್ತಿದ್ದೆ ಆಗ. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ನಾನೂ ಕೂತಿದ್ದೆ. ಅತ್ತೆ ಕೆಲಸಕ್ಕೆ ಹೋಗಿದ್ದಳು. ಆ ದಿನ ಬೀಗಿತ್ತಿಯ ಮುಂದೆ ಯಾಕೆ ಹಾಗೆ ಹೇಳಿದೆ, ನೀನು ಕಳಿಸಬೇಕೆಂದೇ ಇದ್ದೆಯಲ್ಲ ಎಂದೆ. ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು.

“ನಮ್ಮಪ್ಪ ಇನ್ನೊಂದು ಮಾಡ್ಕಂಡ ಕಣೇ. ನಾನು ಸಣ್ಣೋಳು. ನಮ್ಮವ್ವನ್ನ ಸೌದೆ ಕೋಣೇಲಿ ಮಲಗ್ಸಿದ್ರು, ನಾವು ಮಕ್ಕಳೂ ಅಲ್ಲೇ. ಸಾಯೋಗಂಟ ಅಲ್ಲೇ ಇದ್ಲು. ಒಂದಿನಾನೂ ಬಾಯಿ ಬಿಡ್ಲಿಲ್ಲ. ನಮ್ಮವ್ವ ಇದ್ಲಲ್ಲ, ಇವಳೂ ಇರ್ತಾಳೆ ಅಂದ್ಕಂಡಿದ್ದೆ ನಾನು. ಆ ಹೆಂಗ್ಸು ಸೌದೆ ಕೋಣೆ ಅಂದ್ಬುಟ್ಲು ನೋಡು.”

ನಾನು ಇನ್ನೊಂದು ಕಾಯಿಗೆ ಕೈ ಹಾಕಿದೆ. ಅಜ್ಜಿ ಸಿಪ್ಪೆಗಳನ್ನು ಒಟ್ಟುಮಾಡಿ ಮೊರದ ಒಂದು ಪಕ್ಕಕ್ಕೆ ಸರಿಸಿದಳು. ಇದನ್ನು ನಿಮ್ಮತ್ತೆಗೆ ಹೇಳಬೇಡ, ತಾನು ಬಂದದ್ದು ತನ್ನ ಧೈರ್ಯಕ್ಕೆ, ಉಳಿದದ್ದೂ ತನ್ನ ಧೈರ್ಯಕ್ಕೆ ಎಂದುಕೊಂಡಿದ್ದಾಳೆ, ಹಾಗೇ ಇರಲಿ ಎಂದಳು. ನಾನು ಹೇಳಲಿಲ್ಲ. ಅಜ್ಜಿ ಹೋಗಿ ಬಹಳ ಕಾಲವಾಯಿತು. ಅತ್ತೆ ಇದ್ದಾಳೆ, ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನೆಲ್ಲ ಓದುತ್ತಾಳೆ. ಇದನ್ನೂ ಓದುತ್ತಾಳೆ.